ಹಿಡೀತಾ? ಬಿಡ್ತಾ?

2025ರ ಸೆಪ್ಟೆಂಬರ್ 7, ಭಾನುವಾರ, ಅನಂತನ ಹುಣ್ಣಿಮೆ. ರಾತ್ರಿ ಒಂಬತ್ತೂವರೆಗೆ ಚಾಪೆ, ದಿಂಬು, ಬೈನಾಕ್ಯುಲರ್ ಮತ್ತು ಒಂದು ಹಳೆಯ ನೋಟ್‌ಬುಕ್ಕು ಹಿಡಿದು ನಾನು ತಾರಸಿ ಹತ್ತುತ್ತಿದ್ದೆ. ಅಷ್ಟರಲ್ಲಿ ಅಮ್ಮ ದೇವರ ಮನೆಯ ಬಾಗಿಲು ಮುಂದೆ ಮಾಡಿ, ಉಪ್ಪಿನಕಾಯಿ ಜಾಡಿಗೂ ಹಾಲಿನ ಪಾತ್ರೆಗೂ ಒಂದೊಂದು ದರ್ಭೆ ಇಟ್ಟು ನಡುಮನೆಯಲ್ಲಿ ಕೂತಾಗಿತ್ತು. ಮಧ್ಯಾಹ್ನದ ಮೇಲೆ ಅವಳು ಏನೂ ಮುಟ್ಟಿರಲಿಲ್ಲ. ಗ್ರಹಣ ನೋಡುವುದಿಲ್ಲ, ಆದರೆ ಮೋಕ್ಷದ ಸ್ನಾನ ಆಗುವವರೆಗೆ ಮಲಗುವುದೂ ಇಲ್ಲ. ಮನೆಯಲ್ಲಿ ರಾತ್ರಿಯಿಡೀ ಎಚ್ಚರ ಇರುವವರು ಇಬ್ಬರು: ಮೇಲೆ ನೋಡುವವನು ಒಬ್ಬ, ಕೆಳಗೆ ಕಾಯುವವಳು ಒಬ್ಬಳು.

"ಹಿಡೀತೇನೋ?" ಹತ್ತು ಗಂಟೆಗೆ ಮೆಟ್ಟಿಲ ಬುಡದಿಂದ ಅಮ್ಮನ ದನಿ.

ನನಗೆ ನಿಜವಾಗಿ ಗೊತ್ತಿರಲಿಲ್ಲ. ಸ್ಪರ್ಶ 9 ಗಂಟೆ 57 ನಿಮಿಷಕ್ಕೆ ಎಂದು ಪಂಚಾಂಗವೂ ಹೇಳಿತ್ತು, ಖಗೋಳ ಸಂಸ್ಥೆಗಳ ಪಟ್ಟಿಯೂ ಹೇಳಿತ್ತು. ಆದರೆ 9:57ಕ್ಕೆ ಚಂದ್ರನ ಅಂಚಿನಲ್ಲಿ ಯಾರೂ ಗೆರೆ ಎಳೆಯಲಿಲ್ಲ. ಪೂರ್ವದ ಬದಿಗೆ ಒಲೆಯ ಮೇಲಿಟ್ಟ ಪಾತ್ರೆಯ ತಳದಂತೆ ಸ್ವಲ್ಪ ಮಸಿ ಹಿಡಿದ ಹಾಗಿತ್ತು, ಅಷ್ಟೇ. ಹತ್ತು ಗಂಟೆ ಮೂರು ನಿಮಿಷಕ್ಕೆ ಮಾತ್ರ ಸಂಶಯವಿಲ್ಲದೆ ಒಂದು ಚೂರು ಕಾಣೆಯಾಗಿತ್ತು. "ಹಿಡೀತು" ಎಂದು ಕೂಗಿದೆ.

ಈ ಅಧ್ಯಾಯ ಆ ಆರು ನಿಮಿಷದ ಬಗ್ಗೆಯೂ ಹೌದು. ಆದರೆ ಮೊದಲು ಒಂದು ತಪ್ಪೊಪ್ಪಿಗೆ. 2018ರ ಜುಲೈ 27ರ ರಾತ್ರಿ, ಗುರುಪೂರ್ಣಿಮೆಯ ದಿನ, ಈ ಶತಮಾನದಲ್ಲೇ ಅತಿ ದೀರ್ಘವಾದ ಖಗ್ರಾಸ ಚಂದ್ರಗ್ರಹಣ ಇದೇ ತಾರಸಿಯ ಮೇಲೆ ನಡೆಯಿತು. ಪೂರ್ತಿ ಮುಚ್ಚಿದ ಸ್ಥಿತಿಯೇ 103 ನಿಮಿಷ. ಪಕ್ಕದಲ್ಲಿ ಮಂಗಳ ಗ್ರಹ ಕೆಂಡದಂತೆ ಉರಿಯುತ್ತಿತ್ತು. ನಾನು ಒಂದೂ ಕಾಲಿಗೆ ಕೆಂಪು ಚಂದ್ರನನ್ನು ಕಂಡು, ಒಂದು ಫೋಟೋ ತೆಗೆದು, ಅಲ್ಲಿಗೆ ನೋಡಿದ್ದಾಯಿತು ಎಂದುಕೊಂಡು ಮಲಗಿಬಿಟ್ಟೆ. ಮೋಕ್ಷ 3:49ಕ್ಕೆ. ಅಮ್ಮ ಎದ್ದಿದ್ದಳು, ನಾನಿರಲಿಲ್ಲ. ಗ್ರಹಣವೆಂದರೆ ಕೆಂಪು ಚಂದ್ರ ಎಂದು ಟಿವಿಯವರು ಕಲಿಸಿದ್ದನ್ನು ನಾನೂ ನಂಬಿದ್ದೆ. ಆ ಕೆಂಪಿನ ಹಿಂದಿನ ಒಂದು ಗಂಟೆ, ಮುಂದಿನ ಒಂದು ಗಂಟೆ ಬರೀ ಕಾಯುವ ಹೊತ್ತು ಎಂಬುದು ನನ್ನ ಎಣಿಕೆಯಾಗಿತ್ತು. ಆ ಎರಡು ಗಂಟೆಗಳಲ್ಲೇ ಲೆಕ್ಕವೆಲ್ಲ ಇದೆ ಎಂಬುದು ಆಮೇಲೆ ತಿಳಿಯಿತು.

ಆ ಲೆಕ್ಕಕ್ಕೆ ಬೇಕಾದದ್ದು ಗಡಿಯಾರ ಮಾತ್ರ. ಪಂಚಾಂಗದವರು ಖಗ್ರಾಸ ಗ್ರಹಣಕ್ಕೆ ಐದು ಹೊತ್ತು ಬರೆಯುತ್ತಾರೆ: ಸ್ಪರ್ಶ, ನಿಮೀಲನ, ಮಧ್ಯ, ಉನ್ಮೀಲನ, ಮೋಕ್ಷ. ಕಣ್ಣು ಮುಚ್ಚುವುದು ನಿಮೀಲನ, ತೆರೆಯುವುದು ಉನ್ಮೀಲನ. ಚಂದ್ರ ಪೂರ್ತಿ ಮುಚ್ಚಿಕೊಂಡ ಕ್ಷಣಕ್ಕೂ, ಮತ್ತೆ ಬೆಳಕಿನ ಮೊದಲ ಚುಕ್ಕೆ ಮೂಡುವ ಕ್ಷಣಕ್ಕೂ ಇದಕ್ಕಿಂತ ಒಳ್ಳೆಯ ಹೆಸರು ನಾನು ಬೇರೆಲ್ಲೂ ಕಂಡಿಲ್ಲ.

2018ರ ಹೊತ್ತುಗಳನ್ನು ನೋಡಿ. ನಾನು ಮಲಗಿದ್ದರೂ ಅಚ್ಚಾದ ಪಟ್ಟಿ ಎಚ್ಚರವಿತ್ತು. ಸ್ಪರ್ಶ ರಾತ್ರಿ 11:54, ನಿಮೀಲನ 1:00, ಉನ್ಮೀಲನ 2:43. ಸ್ಪರ್ಶದಿಂದ ನಿಮೀಲನಕ್ಕೆ 66 ನಿಮಿಷ. ಅಂದರೆ ಚಂದ್ರ ತನ್ನ ಮೈಯಗಲದಷ್ಟು ದಾರಿ ಸಾಗಲು ತೆಗೆದುಕೊಂಡ ಹೊತ್ತು. ಸ್ಪರ್ಶದಿಂದ ಉನ್ಮೀಲನಕ್ಕೆ 169 ನಿಮಿಷ. ಚಂದ್ರನ ಮುಂದಿನ ಅಂಚು ನೆರಳಿನ ಈ ಬದಿಯಿಂದ ಆ ಬದಿಗೆ ತಲುಪಲು ಹಿಡಿದ ಹೊತ್ತು ಇದು. 169ನ್ನು 66ರಿಂದ ಭಾಗಿಸಿದರೆ 2.56. ಚಂದ್ರ ಇರುವಷ್ಟು ದೂರದಲ್ಲಿ ಭೂಮಿಯ ನೆರಳು ಸುಮಾರು ಎರಡೂವರೆ ಚಂದ್ರರಷ್ಟು ಅಗಲ ಎಂದಾಯಿತು.

ಇಲ್ಲಿಗೆ ನಿಲ್ಲಿಸಬೇಕಿಲ್ಲ. ನೆರಳು ಭೂಮಿಯಷ್ಟೇ ಅಗಲವಲ್ಲ. ಸೂರ್ಯ ಭೂಮಿಗಿಂತ ದೊಡ್ಡವನಾದ್ದರಿಂದ ನೆರಳು ಹಿಂದೆ ಹೋಗುತ್ತಾ ಬುಗುರಿಯ ಮೊಳೆಯ ಕಡೆಗೆ ಹೋದಂತೆ ಚೂಪಾಗುತ್ತದೆ. ಎಷ್ಟು ಚೂಪು? ಅದಕ್ಕೆ ಸೂರ್ಯಗ್ರಹಣ ಉತ್ತರ ಕೊಡುತ್ತದೆ. ಆಕಾಶದಲ್ಲಿ ಸೂರ್ಯ ಚಂದ್ರರ ಬಿಂಬಗಳು ಹೆಚ್ಚು ಕಡಿಮೆ ಒಂದೇ ಅಳತೆ. ಒಂದು ಇನ್ನೊಂದನ್ನು ಸರಿಯಾಗಿ ಮುಚ್ಚುತ್ತದೆ. ಹಾಗಾಗಿ ಭೂಮಿಯ ನೆರಳು ಚಂದ್ರನ ತನಕ ಹೋಗುವಷ್ಟರಲ್ಲಿ ಹೆಚ್ಚು ಕಡಿಮೆ ಒಂದು ಚಂದ್ರನಷ್ಟು ಸಪೂರವಾಗಿರುತ್ತದೆ. ಕಳೆದುಹೋದ ಆ ಒಂದನ್ನು ಸೇರಿಸಿದರೆ ಭೂಮಿಯ ಅಗಲ 3.56 ಚಂದ್ರರು. ಭೂಮಿಯ ವ್ಯಾಸ 12,742 ಕಿಲೋಮೀಟರ್ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಭಾಗಿಸಿದರೆ ಚಂದ್ರನ ವ್ಯಾಸ ಸುಮಾರು 3,580 ಕಿಲೋಮೀಟರ್. ನಿಜವಾದದ್ದು 3,474. ಚಾಪೆಯ ಮೇಲೆ ಮಲಗಿ ಮಾಡಿದ ಲೆಕ್ಕ ಇಷ್ಟು ಹತ್ತಿರ ಬಂದರೆ ಯಾರಿಗೆ ತಾನೆ ಜಂಬ ಬರುವುದಿಲ್ಲ?

ಇನ್ನೊಂದು ಹೆಜ್ಜೆ ಇಡೋಣ. ಕೈ ಚಾಚಿ ಬೆರಳ ತುದಿಯಲ್ಲಿ ಒಂದು ತೊಗರಿಕಾಳು ಹಿಡಿಯಿರಿ. ಹುಣ್ಣಿಮೆ ಚಂದ್ರ ಅದರ ಹಿಂದೆ ಅಡಗುತ್ತಾನೆ. ನಂಬಿಕೆ ಬರುವುದಿಲ್ಲ, ನೋಡಿದವರಿಗೂ ಬರುವುದಿಲ್ಲ. ಕಾಳಿನ ಅಗಲಕ್ಕಿಂತ ಕಣ್ಣಿನಿಂದ ಅದರ ದೂರ ಸುಮಾರು 110 ಪಟ್ಟು ಇರುತ್ತದೆ. ಚಂದ್ರನಿಗೂ ಅದೇ ಅನುಪಾತ. 3,580ನ್ನು 110ರಿಂದ ಗುಣಿಸಿದರೆ ಮೂರು ಲಕ್ಷ ತೊಂಬತ್ತನಾಲ್ಕು ಸಾವಿರ ಕಿಲೋಮೀಟರ್. ಚಂದ್ರನ ಸರಾಸರಿ ದೂರ ಮೂರು ಲಕ್ಷ ಎಂಬತ್ತನಾಲ್ಕು ಸಾವಿರ.

ಈ ದಾರಿ ಹಾಕಿದವನು ಕ್ರಿಸ್ತಪೂರ್ವ ಮೂರನೇ ಶತಮಾನದ ಗ್ರೀಕ್ ಖಗೋಳಜ್ಞ ಅರಿಸ್ಟಾರ್ಕಸ್. ಅವನು ನೆರಳು ಎರಡು ಚಂದ್ರರಷ್ಟು ಎಂದುಕೊಂಡ. ಆಮೇಲೆ ಹಿಪಾರ್ಕಸ್ ಎರಡೂವರೆ ಎಂದ, ಟಾಲೆಮಿ 2.6 ಎಂದ. ಯಾರ ಬಳಿಯೂ ದೂರದರ್ಶಕವಿರಲಿಲ್ಲ. ಅದು ಬರಲು ಟಾಲೆಮಿಯ ನಂತರವೂ ಸಾವಿರದ ನಾನೂರು ವರ್ಷ ಕಾಯಬೇಕಿತ್ತು.

2025ರಲ್ಲಿ ಈ ಲೆಕ್ಕವನ್ನು ನನ್ನದೇ ಅಂಕಿಗಳಿಂದ ಮಾಡಬೇಕೆಂದು ಹೊರಟೆ. ನಿಮೀಲನದ ಹೊತ್ತಿಗೆ ಸರಿಯಾಗಿ ಒಂದು ಮೋಡ ಬಂತು. ಸೆಪ್ಟೆಂಬರಿನ ಮೋಡಕ್ಕೆ ಖಗೋಳಶಾಸ್ತ್ರದ ಮೇಲೆ ಗೌರವವಿಲ್ಲ. ಅದು ಸರಿಯುವಷ್ಟರಲ್ಲಿ 11:04, ಚಂದ್ರ ಆಗಲೇ ಮುಚ್ಚಿಹೋಗಿದ್ದ. ಪಟ್ಟಿಯ 11:01ನ್ನೇ ಬರೆದುಕೊಂಡೆ. ಉನ್ಮೀಲನ 12:23ಕ್ಕೆ, ಅದು ಕಣ್ಣಾರೆ ಸಿಕ್ಕಿತು. ಸ್ಪರ್ಶಕ್ಕೂ ಪಟ್ಟಿಯ 9:57ನ್ನೇ ಹಿಡಿದು 146ನ್ನು 64ರಿಂದ ಭಾಗಿಸಿದರೆ 2.28. ಕಡಿಮೆ ಬಂತು. ತಪ್ಪು ನನ್ನದಲ್ಲ. ರೊಟ್ಟಿಯನ್ನು ನಡುವಿನಲ್ಲಿ ಮುರಿದರೆ ಸಿಗುವ ಅಂಚು ಉದ್ದ, ಪಕ್ಕಕ್ಕೆ ಸರಿದು ಮುರಿದರೆ ಗಿಡ್ಡ. 2018ರಲ್ಲಿ ಚಂದ್ರ ನೆರಳಿನ ನಡುಮಧ್ಯದ ಹತ್ತಿರ ಹಾದಿದ್ದ. ಈ ಸಲ ದಕ್ಷಿಣಕ್ಕೆ ಸರಿದು ಹಾದ. ಹಾಗಾಗಿಯೇ ಖಗ್ರಾಸವೂ 103 ನಿಮಿಷದ ಬದಲು 82ಕ್ಕೇ ಮುಗಿಯಿತು. ಪ್ರತಿ ಹುಣ್ಣಿಮೆಗೆ ಗ್ರಹಣ ಆಗದಿರುವುದಕ್ಕೂ ಕಾರಣ ಈ ಸರಿದು ಹಾಯುವಿಕೆಯೇ. ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು ಐದು ಡಿಗ್ರಿ ಓರೆ. ಬಹುತೇಕ ಹುಣ್ಣಿಮೆಗಳಲ್ಲಿ ಚಂದ್ರ ನೆರಳಿನ ಮೇಲೋ ಕೆಳಗೋ ತಪ್ಪಿಸಿಕೊಳ್ಳುತ್ತಾನೆ. ಎರಡು ದಾರಿಗಳು ಕತ್ತರಿಸುವ ಬಿಂದುಗಳಿಗೆ ನಮ್ಮ ಗಣಿತದವರು ರಾಹು ಕೇತು ಎಂದರು. ಹಾವೂ ಇಲ್ಲ, ತಲೆಯೂ ಇಲ್ಲ, ಬರೀ ಎರಡು ಬಿಂದು.

ಇನ್ನು ಬಣ್ಣದ ವಿಷಯ. ಇದರಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಅಂದು ರಾತ್ರಿ ನಾನು ಕಂಡದ್ದನ್ನು ನನಗಿಂತ ಸಾವಿರದ ಐನೂರು ವರ್ಷ ಮೊದಲೇ ಒಬ್ಬರು ಬರೆದಿಟ್ಟಿದ್ದರು.

ಆರ್ಯಭಟ ಕ್ರಿಸ್ತಶಕ 499ರ ಸುಮಾರಿಗೆ ರಚಿಸಿದ ಆರ್ಯಭಟೀಯದ ಕೊನೆಯ ಭಾಗ ಗೋಲಪಾದ. ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ಅಲ್ಲಿ ನೇರವಾಗಿ ಹೇಳಿದೆ, ಇದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನನಗೆ ಹಿಡಿಸಿದ್ದು ಅಲ್ಲಿನ ಇನ್ನೊಂದು ಸಣ್ಣ ಮಾತು. ಗ್ರಹಣದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಚಂದ್ರ ಧೂಮ್ರವರ್ಣ. ಒಂದು ಭಾಗ ಮುಚ್ಚಿದಾಗ ಕಪ್ಪು. ಪೂರ್ತಿ ಮುಚ್ಚಿದಾಗ ಕಪಿಲ, ಅಂದರೆ ಕಂದುಗೆಂಪು. ನೆರಳಿನ ನಡುವಿಗೆ ಹೋದಾಗ ಕಪ್ಪು ಬೆರೆತ ತಾಮ್ರ. ಇದು ಲೆಕ್ಕದಿಂದ ಬರುವ ಮಾತಲ್ಲ. ಯಾರೋ ಚಳಿಯಲ್ಲೋ ಸೆಕೆಯಲ್ಲೋ, ಒಂದು ಸಲವಲ್ಲ ಹಲವು ಸಲ, ಕೊನೆಯ ತನಕ ಎಚ್ಚರವಿದ್ದು ನೋಡಿದ್ದರಿಂದ ಬಂದದ್ದು.

ಒಂದೊಂದಾಗಿ ನೋಡೋಣ. ಮೊದಲ ಹೊಗೆಬಣ್ಣ ನನ್ನ ಆರು ನಿಮಿಷದ ಮಸಿ. ದಟ್ಟ ನೆರಳಿನ ಸುತ್ತ ಅರೆನೆರಳು ಇರುತ್ತದೆ. ಅಲ್ಲಿ ಸೂರ್ಯನ ಒಂದು ಭಾಗ ಮಾತ್ರ ಮರೆಯಾಗಿರುತ್ತದೆ. ಹಾಗಾಗಿ ಕತ್ತಲು ಗೆರೆ ಕೊರೆದಂತೆ ಬರುವುದಿಲ್ಲ, ಹೊಗೆಯಂತೆ ಬರುತ್ತದೆ. ಆಮೇಲೆ ಕಪ್ಪು ಏಕೆ? ನೆರಳಿನೊಳಗಿನ ಭಾಗ ಆಗಲೂ ಕೆಂಪಾಗಿಯೇ ಇರುತ್ತದೆ. ಆದರೆ ಪಕ್ಕದಲ್ಲೇ ಉರಿಯುವ ಬೆಳ್ಳಿಭಾಗ ಅದಕ್ಕಿಂತ ಸಾವಿರಾರು ಪಟ್ಟು ಪ್ರಕಾಶ. ಬಸ್ಸಿನ ಹೆಡ್‌ಲೈಟಿನ ಪಕ್ಕ ನಿಂತವನ ಮುಖ ಕಾಣದಿರುವ ಹಾಗೆ, ಕಣ್ಣು ಅದನ್ನು ಕಪ್ಪು ಎಂದೇ ಓದುತ್ತದೆ. ಕೊನೆಯ ಬೆಳ್ಳಿಚೂರು ಮುಚ್ಚಿದ ಮೇಲೆ ಕಣ್ಣಿಗೆ ಬಿಡುವು ಸಿಗುತ್ತದೆ. ಆಗ ಒಳಗಿನ ಬಣ್ಣ ಮೇಲೆ ಬರುತ್ತದೆ. ನಡುವಿಗೆ ಹೋದಂತೆ ಬೆಳಕು ಇನ್ನೂ ಇಳಿದು ಬಣ್ಣ ಗುರುತಿಸುವ ಕೋಶಗಳು ಸೋಲುತ್ತವೆ, ಮಬ್ಬಿನಲ್ಲಿ ಕೆಲಸ ಮಾಡುವ ಕೋಶಗಳು ಮುಂದೆ ಬರುತ್ತವೆ. ಅವಕ್ಕೆ ಬಣ್ಣ ಗೊತ್ತಿಲ್ಲ. ಅದಕ್ಕೇ ತಾಮ್ರಕ್ಕೆ ಕಪ್ಪು ಬೆರೆಯುವುದು. ಮೊಬೈಲಿನಲ್ಲಿ ತೆಗೆದ ಚಿತ್ರ ಟೊಮೆಟೊದಷ್ಟು ಕೆಂಪಾಗಿದ್ದು, ತಲೆ ಎತ್ತಿ ನೋಡಿದರೆ ಚಂದ್ರ ಹಳೆಯ ತಾಮ್ರದ ಚೊಂಬಿನಂತೆ ಕಂಡರೆ ಕಣ್ಣನ್ನು ದೂರಬೇಡಿ. "ರಕ್ತಚಂದ್ರ" ಎಂಬುದು ಕ್ಯಾಮೆರಾದ ಭಾಷೆ. ಆರ್ಯಭಟೀಯದ್ದು ಕಣ್ಣಿನ ಭಾಷೆ.

ಕೆಂಪು ಬರುವುದೆಲ್ಲಿಂದ ಎಂಬುದಕ್ಕೆ ಚಂದ್ರನ ಮೇಲೆ ನಿಂತವರಂತೆ ಯೋಚಿಸಬೇಕು. ಅಲ್ಲಿಂದ ಅದು ಸೂರ್ಯಗ್ರಹಣ: ಭೂಮಿ ಸೂರ್ಯನನ್ನು ಮುಚ್ಚುತ್ತದೆ. ಆದರೆ ಭೂಮಿಯ ಸುತ್ತ ಗಾಳಿಯ ಪೊರೆ ಇದೆ. ಅದನ್ನು ಸವರಿ ಹೋಗುವ ಬೆಳಕು ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಬಾಗಿ ನೆರಳಿನೊಳಕ್ಕೆ ನುಗ್ಗುತ್ತದೆ. ದಾರಿಯಲ್ಲಿ ನೀಲಿ ಚದುರಿಹೋಗಿ ಉಳಿಯುವುದು ಕೆಂಪು. ಭೂಮಿಯ ಅಂಚಿನಲ್ಲಿ ಆಗ ಎಲ್ಲೆಲ್ಲಿ ಸೂರ್ಯ ಮುಳುಗುತ್ತಿರುತ್ತಾನೋ, ಎಲ್ಲೆಲ್ಲಿ ಹುಟ್ಟುತ್ತಿರುತ್ತಾನೋ ಆ ಎಲ್ಲ ಸಂಜೆ ಮುಂಜಾವುಗಳ ಬೆಳಕು ಒಟ್ಟಾಗಿ ಚಂದ್ರನ ಮೇಲೆ ಬೀಳುತ್ತದೆ. ಅಂದು ಮಧ್ಯಕಾಲ ನಮ್ಮ ರಾತ್ರಿ 11:42ರ ಆಸುಪಾಸು. ಭೂಗೋಳ ತಿರುಗಿಸಿ ನೋಡಿದರೆ ಆ ಹೊತ್ತಿಗೆ ಘಾನಾದಲ್ಲಿ, ಸ್ಪೇನಿನಲ್ಲಿ ಮುಸ್ಸಂಜೆ. ನ್ಯೂಜಿಲೆಂಡಿನಲ್ಲಿ ಸೋಮವಾರದ ಮುಂಜಾವು. ನನ್ನ ತಾರಸಿಯ ಮೇಲಿನ ಚಂದ್ರನಿಗೆ ಬಣ್ಣ ಹಚ್ಚಿದವರು ಅವರು. ಅಮೆರಿಕದ ಸರ್ವೇಯರ್ 3 ನೌಕೆ 1967ರ ಏಪ್ರಿಲ್‌ನಲ್ಲಿ ಚಂದ್ರನ ನೆಲದಿಂದಲೇ ಭೂಮಿಯ ಸುತ್ತಲಿನ ಈ ಬೆಳಕಿನ ಉಂಗುರದ ಚಿತ್ರ ತೆಗೆಯಿತು. 2025ರ ಮಾರ್ಚ್ 14ರ ಗ್ರಹಣದಲ್ಲಿ ಬ್ಲೂ ಗೋಸ್ಟ್ ಎಂಬ ನೌಕೆ ಮತ್ತೆ ತೆಗೆಯಿತು. ಕರಿಯ ಭೂಮಿ, ಅದರ ಅಂಚಿಗೆ ಸೂರ್ಯನ ಬೆಳಕಿನ ಗೆರೆ.

ಬೈನಾಕ್ಯುಲರ್ ಇದ್ದರೆ ಉನ್ಮೀಲನದ ಹೊತ್ತಿಗೆ ಇನ್ನೊಂದು ಬಣ್ಣ ಸಿಗುತ್ತದೆ. ಕೆಂಪಿಗೂ ಬೆಳ್ಳಿಗೂ ನಡುವೆ ತೆಳುವಾದ ನೀಲಿ. ಅದು ಓಝೋನ್ ಪದರದ ಮೇಲ್ಭಾಗ ಸೋಸಿ ಕಳಿಸಿದ ಬೆಳಕು. ಓಝೋನ್ ಕೆಂಪು, ಕಿತ್ತಳೆಗಳನ್ನು ಹೀರಿ ನೀಲಿಯನ್ನು ಬಿಡುತ್ತದೆ. ಕೆಂಪು ಕಂಡ ಕೂಡಲೇ ಮಲಗುವವರಿಗೆ ಇದು ಸಿಗುವುದಿಲ್ಲ. ನನಗೆ 2018ರಲ್ಲಿ ಸಿಗಲಿಲ್ಲ.

ಚಂದ್ರನ ಮೇಲೆ ಬೀಳುವುದು ನಮ್ಮ ಗಾಳಿ ಸೋಸಿದ ಬೆಳಕು ಎಂದ ಮೇಲೆ, ಗಾಳಿ ಕೊಳಕಾದರೆ ಚಂದ್ರ ಮಂಕಾಗಬೇಕು. ಆಗುತ್ತಾನೆ. ಬಾಲಿ ದ್ವೀಪದ ಆಗುಂಗ್ ಅಗ್ನಿಪರ್ವತ 1963ರಲ್ಲಿ ಸಿಡಿಯಿತು. ಆ ವರ್ಷ ಡಿಸೆಂಬರ್ 30ರ ಗ್ರಹಣದಲ್ಲಿ ಚಂದ್ರ ಬಹುತೇಕ ಕಾಣದಂತಾದ. 1991ರಲ್ಲಿ ಫಿಲಿಪೀನ್ಸಿನ ಪಿನಟುಬೊ ಸಿಡಿದ ಮೇಲೆ 1992ರ ಡಿಸೆಂಬರ್ ಗ್ರಹಣವೂ ಹಾಗೆಯೇ ಕಪ್ಪಾಯಿತು. ಫ್ರಾನ್ಸಿನ ಆಂದ್ರೆ ದಾಂಜೋನ್ ಎಂಬ ಖಗೋಳಜ್ಞ 1921ರಲ್ಲಿ ಇದಕ್ಕೊಂದು ಅಳತೆಗೋಲು ಮಾಡಿದ: ಸೊನ್ನೆಯೆಂದರೆ ಕಾಣದಷ್ಟು ಕಪ್ಪು, ನಾಲ್ಕೆಂದರೆ ಹೊಳೆಯುವ ಕಿತ್ತಳೆ. ಉಪಕರಣ ಬೇಡ, ನೋಡಿ ಅಂಕ ಕೊಟ್ಟರೆ ಸಾಕು. 2025ರ ಆ ರಾತ್ರಿಗೆ ನಾನು ಎರಡೂವರೆ ಕೊಟ್ಟೆ, ಶಾಲೆಯ ಮೇಷ್ಟ್ರ ಗತ್ತಿನಲ್ಲಿ.

ಎಚ್ಚರವಿದ್ದು ಬರೆದಿಟ್ಟವರ ಮಾತು ಎಷ್ಟು ಕಾಲಕ್ಕೆ ಕೆಲಸಕ್ಕೆ ಬರುತ್ತದೆ ಎನ್ನುವುದಕ್ಕೆ 2023ರ ಒಂದು ಸಂಶೋಧನೆ ಸಾಕು. ಜಿನೀವಾದ ಸೆಬಾಸ್ಟಿಯನ್ ಗಿಯೆ ಮತ್ತು ಸಂಗಡಿಗರು 1100ರಿಂದ 1300ರ ನಡುವಿನ ಮಠಗಳ ದಿನಚರಿಗಳನ್ನು ಕೆದಕಿದರು. ಯುರೋಪಿನಲ್ಲಿ ಕಾಣಬಹುದಾಗಿದ್ದ 64 ಖಗ್ರಾಸ ಚಂದ್ರಗ್ರಹಣಗಳಲ್ಲಿ 51ನ್ನು ಯಾರೋ ಸನ್ಯಾಸಿ ಬರೆದಿಟ್ಟಿದ್ದ. ಅವುಗಳಲ್ಲಿ ಕೆಲವೇ ಕೆಲವು ಕಡೆ ಚಂದ್ರ ತೀರಾ ಕಪ್ಪಾದದ್ದು ದಾಖಲಾಗಿತ್ತು. 1110ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಒಬ್ಬ ಬರಹಗಾರ, ಚಂದ್ರ ಪೂರ್ತಿ ಆರಿಹೋಗಿ ನಕ್ಷತ್ರಗಳು ಮಾತ್ರ ಹೊಳೆದವು ಎಂದು ಬೆರಗಾಗಿದ್ದ. 1229ರ ಡಿಸೆಂಬರಿನಲ್ಲಿ ಜಪಾನಿನ ಕವಿ ಫುಜಿವಾರ ನೊ ತೆಯಿಕಾ, ಮುದುಕರೂ ಇಂಥದ್ದನ್ನು ಕಂಡಿಲ್ಲವೆಂದು ತನ್ನ ದಿನಚರಿಯಲ್ಲಿ ಬರೆದ. ಧರ್ಮಭಯದಿಂದಲೋ ದಿಗಿಲಿನಿಂದಲೋ ಬರೆದ ಈ ಸಾಲುಗಳಿಂದ ಆ ಕಾಲದ ಅಗ್ನಿಪರ್ವತಗಳು ಯಾವಾಗ ಸಿಡಿದವೆಂದು ತಿಂಗಳುಗಳ ಲೆಕ್ಕಕ್ಕೆ ಗುರುತಿಸಲು ಸಾಧ್ಯವಾಯಿತು.

ಇದನ್ನು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಕರ್ನಾಟಕದ ಶಾಸನಗಳಲ್ಲಿ ಸೋಮಗ್ರಹಣ ಎಷ್ಟಿವೆ! ಗ್ರಹಣ ಕಾಲದ ದಾನಕ್ಕೆ ಪುಣ್ಯ ಹೆಚ್ಚೆಂದು ರಾಜರು, ದಂಡನಾಯಕರು, ಸೆಟ್ಟಿಗಳು ಆ ರಾತ್ರಿ ಕೈನೀರು ಬಿಟ್ಟು ಭೂಮಿ ಕೊಟ್ಟರು. ಶಕವರ್ಷ, ಸಂವತ್ಸರ, ತಿಥಿ, ವಾರ, ಗ್ರಹಣ ಎಲ್ಲ ಕಲ್ಲಿಗೆ ಬಿತ್ತು. ಇತಿಹಾಸಕಾರರಿಗೆ ಅದು ಚಿನ್ನ: ಗ್ರಹಣವನ್ನು ಹಿಂದಕ್ಕೆ ಲೆಕ್ಕ ಹಾಕಿ ಶಾಸನದ ದಿನ ಸರಿಯೇ, ತಾಮ್ರಪಟ ಅಸಲಿಯೇ ಎಂದು ಪರೀಕ್ಷಿಸಬಹುದು. ಹಂಪಿಯ ಇತಿಹಾಸವನ್ನು "ಮರೆತುಹೋದ ಸಾಮ್ರಾಜ್ಯ" ಎಂದು 1900ರಲ್ಲಿ ಬರೆದ ರಾಬರ್ಟ್ ಸಿವೆಲ್, ಅದಕ್ಕೆ ಎರಡು ವರ್ಷ ಮೊದಲು ಭಾರತದ ಚಂದ್ರಗ್ರಹಣಗಳ ಪಟ್ಟಿಯನ್ನೇ ಪುಸ್ತಕ ಮಾಡಿದ್ದ, ಮುಖ್ಯವಾಗಿ ಶಾಸನ ಓದುವವರಿಗಾಗಿ. ಆದರೆ ನಾನು ಓದಿದ ಮಟ್ಟಿಗೆ ನಮ್ಮ ಕಲ್ಲುಗಳಲ್ಲಿ ಕೊಟ್ಟ ಗದ್ದೆ ಎಷ್ಟು, ಅಳೆದ ಕೋಲು ಯಾವುದು, ಮೂಡಲ ಎಲ್ಲೆ ಯಾವ ಹುತ್ತ, ಪಡುವಲ ಎಲ್ಲೆ ಯಾವ ಹಳ್ಳ ಎಂಬುದೆಲ್ಲ ಇದೆ, ಆ ರಾತ್ರಿ ಚಂದ್ರ ಯಾವ ಬಣ್ಣವಿದ್ದ ಎಂಬುದೊಂದಿಲ್ಲ. ಒಬ್ಬ ಶಾಸನಕವಿ ತಲೆಯೆತ್ತಿ "ಕಪ್ಪಗಿದ್ದ" ಎಂದು ಒಂದು ಮಾತು ಕೊರೆಸಿದ್ದರೆ!

ದಕ್ಷಿಣದಲ್ಲಿ ತಲೆಯೆತ್ತಿ ನೋಡಿದವರು ಇಲ್ಲವೆಂದಲ್ಲ. ಕೇರಳದ ನಿಳಾ ನದಿಯ ಕಡೆಯ ಪರಮೇಶ್ವರ ಹದಿನಾಲ್ಕನೇ ಶತಮಾನದ ಕೊನೆಯಿಂದ ಹಲವು ದಶಕ ಗ್ರಹಣಗಳನ್ನು ನೋಡಿ, ಹಳೆಯ ಲೆಕ್ಕಕ್ಕೂ ಆಕಾಶಕ್ಕೂ ಹೊಂದದಿರುವುದನ್ನು ಕಂಡು, 1431ರಲ್ಲಿ ಲೆಕ್ಕವನ್ನೇ ತಿದ್ದಿದ. ಅವನ ಗ್ರಂಥದ ಹೆಸರೇ ದೃಗ್ಗಣಿತ, ಕಣ್ಣಿಗೆ ಕಂಡದ್ದಕ್ಕೆ ಹೊಂದುವ ಗಣಿತ. ಶಾಸ್ತ್ರದಲ್ಲಿ ಬರೆದ ಹೊತ್ತಿಗೆ ಗ್ರಹಣ ಹಿಡಿಯದಿದ್ದರೆ ತಿದ್ದಬೇಕಾದದ್ದು ಶಾಸ್ತ್ರವನ್ನು ಎಂದು ತಿಳಿದವನು.

ಮತ್ತೆ ನನ್ನ ತಾರಸಿಗೆ. ಹನ್ನೊಂದೂವರೆಯ ಹೊತ್ತಿಗೆ ಚಂದ್ರ ನೆತ್ತಿಯ ಹತ್ತಿರವಿದ್ದ. ಬೆಳದಿಂಗಳಿಗೆ ಅಡಗಿದ್ದ ನಕ್ಷತ್ರಗಳೆಲ್ಲ ಮೋಡದ ಸಂದಿಯಲ್ಲಿ ಹೊರಬಂದವು. ಸ್ವಲ್ಪ ಪೂರ್ವಕ್ಕೆ ಶನಿ, ಮಿನುಗದೆ. ಪಕ್ಕದ ಬೀದಿಯಲ್ಲಿ ಯಾರದೋ ಮನೆಯಂಗಳದಲ್ಲಿ ಗುಂಪು ಸೇರಿತ್ತು. ತಟ್ಟೆಗೆ ನೀರು ಹಾಕಿ ಒನಕೆ ನಿಲ್ಲಿಸಿದ್ದರು. ಗ್ರಹಣ ಹಿಡಿದಿರುವಾಗ ಮಾತ್ರ ಒನಕೆ ತಾನಾಗಿ ನಿಲ್ಲುತ್ತದೆಂದು ಮಾತು. ನಮ್ಮ ಮನೆಯ ಒನಕೆಯನ್ನು ನಾನು ಮುಂದಿನ ಮಂಗಳವಾರ ಮಟಮಟ ಮಧ್ಯಾಹ್ನ ನಿಲ್ಲಿಸಿದೆ. ಮೂರನೇ ಸಲಕ್ಕೆ ನಿಂತಿತು. ತುದಿಗೆ ಕಬ್ಬಿಣದ ಬಳೆ ಇದೆ, ಬುಡ ಚಪ್ಪಟೆ, ತಾಳ್ಮೆ ಬೇಕು. ಅದನ್ನು ನೋಡಿದ ಅಮ್ಮ, "ನಿಂಗೆ ಬೇರೆ ಕೆಲಸ ಇಲ್ವೇನೋ" ಎಂದಳು. ಆದರೆ ಆ ಅಂಗಳದವರನ್ನು ನಾನು ಪೂರ್ತಿ ಬಯ್ಯಲಾರೆ. ಅವರಲ್ಲಿ ನಾಲ್ಕು ಮಕ್ಕಳು ಒನಕೆ ಬಿಟ್ಟು ಚಂದ್ರನ ಕಡೆ ನೋಡುತ್ತಿದ್ದವು, ಮಾರನೇ ದಿನ ಸ್ಕೂಲಿದ್ದರೂ.

ಆ ಮಕ್ಕಳಿಗೆ ಹೇಳಬೇಕಾದ ತಾರೀಖು ಒಂದಿದೆ. 2028ರ ಡಿಸೆಂಬರ್ 31. ರಾತ್ರಿ ಹತ್ತರ ಆಸುಪಾಸಿನಲ್ಲಿ ಖಗ್ರಾಸ, ಒಂದು ಗಂಟೆಗೂ ಮಿಕ್ಕಿ. ಮೋಡದ ಕಾಟ ಕಡಿಮೆ ಇರುವ ತಿಂಗಳು. ಹೇಗೂ ಆ ರಾತ್ರಿ ಊರೆಲ್ಲ ಎಚ್ಚರವಿರುತ್ತದೆ, ಪಟಾಕಿಯ ಹೊಗೆ ಸ್ವಲ್ಪ ಕಡಿಮೆ ಮಾಡಿದರೆ ಸಾಕು.

ಹನ್ನೆರಡೂವರೆಯಿಂದ ಆಚೆಗೆ ನಿದ್ದೆಯ ಜೊತೆ ಗುದ್ದಾಟ. ಬೆಳಕು ಚಂದ್ರನ ಪೂರ್ವದ ಅಂಚಿನಿಂದ ಒಳಬಂದಂತೆ ತಾಮ್ರ ಮತ್ತೆ ಕಪ್ಪಾಯಿತು, ನಕ್ಷತ್ರಗಳು ಒಂದೊಂದಾಗಿ ಅಳಿಸಿಹೋದವು. ನೆರಳಿನ ಅಂಚು ಆಗಲೂ ದುಂಡಗೆ. ಸ್ಪರ್ಶದಲ್ಲೂ ದುಂಡಗೆ, ಈಗಲೂ ದುಂಡಗೆ. ಯಾವ ಬದಿಯಿಂದ ಬೆಳಕು ಬಿದ್ದರೂ ದುಂಡು ನೆರಳು ಕೊಡುವುದು ಚೆಂಡೊಂದೇ ಎಂದು ಅರಿಸ್ಟಾಟಲ್ ವಾದಿಸಿದ್ದು ಇದನ್ನು ನೋಡಿಯೇ.

"ಬಿಡ್ತೇನೋ?"

ಗಡಿಯಾರ ನೋಡಿದೆ. 1:26. "ಇಲ್ಲಮ್ಮ, ಇನ್ನೂ ಒಂದು ಚೂರಿದೆ."

"ಪಂಚಾಂಗದಲ್ಲಿ ಇಪ್ಪತ್ತಾರಕ್ಕೆ ಅಂತಿದೆಯಲ್ಲ."

ಪಂಚಾಂಗ ಸರಿ, ನನ್ನ ಕಣ್ಣೂ ಸರಿ. ಭೂಮಿಯ ನೆರಳಿಗೆ ಗೆರೆಯಿಲ್ಲ. ಕಲ್ಲಿನ ಗುಂಡಿನ ನೆರಳಾಗಿದ್ದರೆ ಲೆಕ್ಕ ಸುಲಭ. ಇದು ಗಾಳಿ ಹೊದ್ದ ಗುಂಡು. ಲೆಕ್ಕಕ್ಕಿಂತ ನೆರಳು ಶೇಕಡಾ ಎರಡರಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಹದಿನೆಂಟನೇ ಶತಮಾನದ ಆರಂಭದಲ್ಲೇ ಫ್ರಾನ್ಸಿನ ಫಿಲಿಪ್ ದ ಲಾ ಹಿರ್ ಗುರುತಿಸಿದ್ದ. ಎಷ್ಟು ಸೇರಿಸಬೇಕೆಂಬುದರ ಬಗ್ಗೆ ಇವತ್ತಿಗೂ ಪಟ್ಟಿ ಮಾಡುವವರಲ್ಲಿ ಎರಡು ಪದ್ಧತಿಗಳಿವೆ. ದಟ್ಟ ನೆರಳು ಬಿಟ್ಟ ಮೇಲೂ ಅರೆನೆರಳಿನ ಮಸಿ ಉಳಿಯುತ್ತದೆ, ಆರ್ಯಭಟೀಯದ ಕೊನೆಯ ಧೂಮ್ರ. ಅದು ಪೂರ್ತಿ ಹೋಗುವುದು ಎರಡೂವರೆಗೆ. ಇದನ್ನೆಲ್ಲ ಮೆಟ್ಟಿಲ ಮೇಲಿಂದ ಕೂಗಿ ಹೇಳುವ ಹೊತ್ತಲ್ಲ ಅದು.

ಕೆಳಗೆ ಬಚ್ಚಲಿನ ದೀಪ ಹತ್ತಿತು. ಹಂಡೆಯ ನೀರಿಗೆ ತಂಬಿಗೆ ಬಿದ್ದ ಸದ್ದು. ನನ್ನ ಕಣ್ಣಿಗೆ ಚಂದ್ರನ ಅಂಚು ಪೂರ್ತಿ ದುಂಡಾದದ್ದು 1:31ಕ್ಕೆ. ನೋಟ್‌ಬುಕ್ಕಿನಲ್ಲಿ ಮೋಕ್ಷ ಎಂದು ಬರೆದು ಅದರ ಮುಂದೆ ಎರಡು ಹೊತ್ತು ಹಾಕಿದೆ, ಒಂದು ಅಮ್ಮನದು, ಒಂದು ನನ್ನದು.